ಸಾಲ್ಮಿ ರಸ್ತೆಯ ಕುರಿ

ವಾರಿಜಾಳಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಕುವೈತಿನ ಮಂಗಫ್‌ನ ಆ ಕಟ್ಟಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಲಿಫ್ಟಿನಲ್ಲಿ ಕಸ ಬಿಟ್ಟುಹೋದವರು, ಟಿಫಿನ್ ಡಬ್ಬಿ ತೊಳೆಯದೆ ವಾಪಸು ತಂದವರು, ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದವರು, ಎಲ್ಲರೂ ಅವಳ ಬಾಯಿಗೆ ಸಿಕ್ಕಿದವರೇ. ಆದರೂ ರಿಫೈನರಿಯ ಬಸ್ಸು ಇಳಿದ ಗಂಡಸರು ಸೀದಾ ಅವಳ ಬಾಗಿಲಿಗೇ ಬರುತ್ತಾರೆ. ಬೈಗುಳ ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗುತ್ತದೆ, ಊಟ ಮಾತ್ರ ಊರಿನದ್ದೇ ಆಗಬೇಕಲ್ಲ.

ಬೆಳುವಾಯಿ ಕಡೆಯವಳು. ಫ್ಯಾಮಿಲಿ ವೀಸಾ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ ಗಂಡ ಸೇಸಪ್ಪನ ಹಿಂದೆ ಕುವೈತಿಗೆ ಬಂದಳು. ಸೇಸಪ್ಪ ಮಿರ್ಕಾಬ್‌ನ ಒಂದು ಬಿಡಿಭಾಗದ ಅಂಗಡಿಯಲ್ಲಿ ಪಿಕಪ್ ಡ್ರೈವರ್. ಮಗಳು ದೀಕ್ಷಿತಾ ಓದಲು ಊರಿಗೆ ಹೋದ ಮೇಲೆ ಮನೆ ಬಿಕೋ ಎಂದಿತು. ಪಕ್ಕದ ಫ್ಲಾಟಿನ ಇಬ್ಬರು ಬ್ಯಾಚುಲರುಗಳು ಖುಬ್ಬೂಸ್ ರೊಟ್ಟಿಗೆ ಮೊಸರು ಹಚ್ಚಿ ತಿನ್ನುವುದನ್ನು ಒಂದು ದಿನ ನೋಡಿ ಅವರಿಗೇ ಬೈದು, ಒಳಗೆ ಕರೆದು ಉಣ್ಣಿಸಿದಳು. ಅಲ್ಲಿಂದ ಶುರುವಾದದ್ದು ಈಗ ಹತ್ತು ಹದಿನೈದು ಜನರ ಮೆಸ್ ಆಗಿದೆ. ವಾರವಿಡೀ ಡಬ್ಬಿ ಹೋಗುತ್ತದೆ, ಶುಕ್ರವಾರ ಮಧ್ಯಾಹ್ನ ಮಾತ್ರ ಎಲ್ಲರೂ ಅವಳ ಹಾಲಿನಲ್ಲಿ ಪ್ಲಾಸ್ಟಿಕ್ ಹಾಸಿನ ಮೇಲೆ ಸಾಲಾಗಿ ಕೂತು ಉಣ್ಣುತ್ತಾರೆ. ಅಂದು ಆಡೋ ಕುರಿಯೋ ಇರಲೇಬೇಕು.

ಆ ಅಡುಗೆಮನೆಗೆ ಮಾಂಸ ಬಂದರೆ ವಾರಿಜಾ ಎರಡು ಪ್ರಶ್ನೆ ಕೇಳುತ್ತಾಳೆ. ಎಲ್ಲಿಂದ ಬಂತು? ಯಾರು ಕೊಯ್ದದ್ದು? ತನಗಾಗಿ ಕೇಳುವುದಲ್ಲ. ಅವಳ ಊರಿನಲ್ಲಿ ಕೋಳಿಯ ಕತ್ತು ಯಾರು ತಿರುಚಿದರೂ ಅನ್ನಕ್ಕೆ ಬೀಳುವ ಪದಾರ್ಥ ಪದಾರ್ಥವೇ. ಕೇಳುವುದು ರಮೀಝ್‌ಗಾಗಿ. ವಿಟ್ಲದ ಬ್ಯಾರಿ ಹುಡುಗ, ಮೆಸ್ಸಿನ ಮೊದಲ ದಿನಗಳಿಂದ ಉಣ್ಣುತ್ತಿರುವವನು, ಈಗ ಹುಡುಗ ಎನ್ನಲಾಗದಷ್ಟು ತಲೆಗೂದಲು ನೆರೆತಿದೆ. ಅವನ ತಾಯಿ ಪಾತು ಒಮ್ಮೆ ವಿಡಿಯೋ ಕಾಲಿನಲ್ಲಿ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು, ಸಂಕೋಚದಿಂದ, ಒಂದೇ ಮಾತು ಕೇಳಿದ್ದಳು: "ಅವ ನಿಮ್ಮಲ್ಲಿ ಊಟ ಮಾಡ್ತಾನಂತೆ, ಸಂತೋಷ. ಮಾಂಸ ಹಲಾಲೋ ಎಂದು ಮಾತ್ರ ನೀವೇ ನೋಡಿಕೊಳ್ಳಬೇಕು ವಾರಿಜಕ್ಕ. ಅವ ನಾಚಿಕೆಯವ, ಬಾಯಿಬಿಟ್ಟು ಕೇಳುದಿಲ್ಲ." ವಾರಿಜಾ ಮಾತು ಕೊಟ್ಟಳು. ಅಂದಿನಿಂದ ಫಾಹಾಹೀಲ್ ಮಾರ್ಕೆಟ್ಟಿನ ಒಂದೇ ಅಂಗಡಿ, ಒಂದೇ ಕಟುಕ. ಬೇರೆಡೆ ಅಗ್ಗಕ್ಕೆ ಸಿಕ್ಕರೂ ಆ ಕಡೆ ತಿರುಗಿ ನೋಡಿದವಳಲ್ಲ.

ಹೀಗಿರುವಾಗ ಚಳಿಗಾಲದ ಒಂದು ಗುರುವಾರ ರಾತ್ರಿ ಸೇಸಪ್ಪ ಎರಡು ದೊಡ್ಡ ಚೀಲಗಳಲ್ಲಿ ಮಾಂಸ ಹೊತ್ತು ಬಂದ. ಹಿಂದೆ ಹರ್ಬರ್ಟ್. ಇವನು ಬಜ್ಪೆಯವನು, ಸೇಸಪ್ಪನ ಅಂಗಡಿಯಲ್ಲೇ ಸ್ಟೋರ್ ನೋಡಿಕೊಳ್ಳುವವನು, ಒಳ್ಳೆಯವನೇ, ಆದರೆ ಬಾಯಿಗೂ ಹೊಟ್ಟೆಗೂ ಬಾಗಿಲಿಲ್ಲ. ಅಂದು ಇಬ್ಬರೂ ತಮ್ಮ ವೀಸಾದ ಯಜಮಾನ ಕಫೀಲ್‌ನ ಮರುಭೂಮಿಯ ಟೆಂಟಿಗೆ ಸೌದೆ ಮತ್ತು ನೀರಿನ ಕ್ಯಾನು ಇಳಿಸಲು ಸಾಲ್ಮಿ ರಸ್ತೆಯ ಕಡೆ ಹೋಗಿದ್ದರು.

ವಾರಿಜಾ ಚೀಲ ಮುಟ್ಟುವ ಮೊದಲೇ ಎರಡೂ ಪ್ರಶ್ನೆ ಕೇಳಿದಳು. ಸೇಸಪ್ಪ ಬೂಟು ಬಿಚ್ಚುತ್ತ, ತಲೆ ಎತ್ತದೆ ಉತ್ತರಿಸಿದ. ಕಫೀಲ್‌ಗೆ ಮೊಮ್ಮಗ ಹುಟ್ಟಿದ್ದಾನಂತೆ, ಆ ಸಂತೋಷಕ್ಕೆ ಟೆಂಟಿನಲ್ಲಿ ಕುರಿ ಕೊಯ್ಸಿದರಂತೆ, ಕೆಲಸದವರಿಗೂ ಪಾಲು ಕೊಟ್ಟರಂತೆ. ಇಲ್ಲಿ ಅದು ಹೊಸತೇನಲ್ಲ. ಮಗು ಹುಟ್ಟಿದರೆ, ಹಬ್ಬ ಬಂದರೆ, ಡ್ರೈವರುಗಳ ಕೈಗೆ ಮಾಂಸದ ಚೀಲ ಬರುತ್ತದೆ. ವಾರಿಜಾ ನಂಬಿದಳು. ಹರ್ಬರ್ಟ್ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದಾನೆ ಎಂಬುದೇ ಎಲ್ಲೋ ಸುಳ್ಳಿದೆ ಎಂಬುದಕ್ಕೆ ದೊಡ್ಡ ಸಾಕ್ಷಿ, ಆದರೆ ಅದು ಅವಳಿಗೆ ಆಗ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮಾಂಸ ತೊಳೆಯುವಾಗ ನೀರು ಎಷ್ಟು ಬದಲಿಸಿದರೂ ಕೆಂಪಾಗೇ ಉಳಿಯಿತು. ಪಕ್ಕೆಲುಬಿನ ಕಡೆಯ ತುಂಡುಗಳಲ್ಲಿ ರಕ್ತ ಕಪ್ಪಗೆ ಹೆಪ್ಪುಗಟ್ಟಿ ಕೂತಿತ್ತು. ಒಂದು ಮೂಳೆ ಕತ್ತಿಯಿಂದ ತುಂಡಾದ ಹಾಗಿರಲಿಲ್ಲ, ಸಿಗಿದು ಮುರಿದಿತ್ತು. ಅವಳು ಕೈಯಲ್ಲಿ ಆ ಮೂಳೆ ಹಿಡಿದುಕೊಂಡೇ ಹಾಲಿಗೆ ಬಂದು, ಇದೇನು ಹೀಗೆ ಎಂದು ಕೇಳಿದಳು. ಕಫೀಲ್‌ನ ಟೆಂಟಿನ ಅಡುಗೆಯವನಿಗೆ ಕತ್ತಿ ಹಿಡಿಯಲು ಬರುವುದಿಲ್ಲ, ಕೊಡಲಿಯಲ್ಲಿ ಹೊಡೆದಿದ್ದಾನೆ ಎಂದ ಸೇಸಪ್ಪ. ಇಷ್ಟು ವರ್ಷ ಸಂಸಾರ ಮಾಡಿದ ಗಂಡ. ಅವಳು ವಾಪಸು ಹೋಗಿ ಕಾಯಿ ಹುರಿದು ಮಸಾಲೆ ಅರೆದಳು. ಆಮೇಲೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಕ್ಷಣದ ತನ್ನ ಮೇಲೆಯೇ. ಮಾರ್ಕೆಟ್ಟಿನಲ್ಲಿ ಅಂಥ ಮೂಳೆ ಕಂಡಿದ್ದರೆ ಕಟುಕನ ಮುಖಕ್ಕೇ ಎಸೆದು ಬರುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಬಂದರು. ಕುಚ್ಚಲಕ್ಕಿ ಅನ್ನ, ಕುರಿ ಪದಾರ್ಥ, ಉಪ್ಪಿನಕಾಯಿ, ನೀರುಳ್ಳಿ. ಬಡಿಸಿ ಅರ್ಧ ಉಂಡಾಗುವಷ್ಟರಲ್ಲಿ ಜುಮ್ಮಾ ನಮಾಜು ಮುಗಿಸಿ ರಮೀಝ್ ಬಂದ, ಎಂದಿನಂತೆ ತಡವಾಯಿತು ಅಕ್ಕ ಎಂದು ಹೇಳಿ ಸಾಲಿನ ತುದಿಯಲ್ಲಿ ಕೂತ. ವಾರಿಜಾ ಅವನ ತಟ್ಟೆಗೆ ಅನ್ನ ಹಾಕಿ, ಆರಿಸಿ ನಾಲ್ಕು ಒಳ್ಳೆಯ ತುಂಡು ಹಾಕಿ, ಮೇಲೆ ರಸ ಸುರಿದಳು. ಆಗಲೇ ಯಾರೋ, ಇಷ್ಟು ಎಳೆ ಮಾಂಸ ಇಲ್ಲಿ ತಿಂದೇ ಇಲ್ಲ, ಎಲ್ಲಿಯ ಕುರಿ ಅಕ್ಕ ಎಂದು ಕೇಳಿದರು.

ಹರ್ಬರ್ಟ್‌ಗೆ ಅಷ್ಟು ಸಾಕಾಯಿತು. ಗುರುವಾರ ಸಂಜೆಯಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಹೊರಗೆ ಬಿತ್ತು. "ಅದಕ್ಕೆ ನೀವು ಸೇಸಪ್ಪಣ್ಣನಿಗೆ ಥ್ಯಾಂಕ್ಸ್ ಹೇಳಿ ಮಾರಾಯ್ರೆ. ಇವರು ಬ್ರೇಕ್ ಸ್ವಲ್ಪ ಬೇಗ ಒತ್ತಿದ್ದರೆ ಇವತ್ತು ನಮಗೆಲ್ಲ ಬೇಳೆಸಾರೇ ಗತಿ ಇತ್ತು."

ಎಲ್ಲರೂ ನಕ್ಕರು. ಹರ್ಬರ್ಟ್ ಹೇಳಿದ್ದೆಲ್ಲ ತಮಾಷೆಯೇ ಎಂದು ಅವರ ಲೆಕ್ಕ. ನಗದವರು ಇಬ್ಬರೇ. ಒಬ್ಬ ಸೇಸಪ್ಪ, ಅವನ ಕೈ ಅನ್ನದಲ್ಲೇ ನಿಂತುಹೋಗಿತ್ತು. ಇನ್ನೊಬ್ಬಳು ವಾರಿಜಾ. ಮುರಿದ ಮೂಳೆ, ಕಪ್ಪು ರಕ್ತ, ತಲೆ ಎತ್ತದ ಗಂಡ, ಬಾಯಿ ಬಿಡದ ಹರ್ಬರ್ಟ್, ಎಲ್ಲ ಒಟ್ಟಿಗೇ ಬಂದು ಅವಳ ತಲೆಗೆ ಹೊಡೆಯಿತು. ರಮೀಝ್ ಮೊದಲ ತುತ್ತು ಕಲಸಿ ಎತ್ತುತ್ತಿದ್ದ. ಅವಳು ಸಟ್ಟುಗ ಬಿಸಾಡಿ ಹೋಗಿ ಅವನ ಕೈಹಿಡಿದಳು, ತುತ್ತನ್ನು ಉದುರಿಸಿದಳು, ತಟ್ಟೆಯನ್ನು ಎಳೆದುಕೊಂಡಳು.

ಉಣ್ಣುವವನ ಮುಂದಿನಿಂದ ತಟ್ಟೆ ಎಳೆಯುವುದು ಎಂದರೆ ಅವಳ ಕಡೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಶತ್ರು ಬಂದು ಕೂತರೂ ಉಂಡು ಏಳುವ ತನಕ ಸುಮ್ಮನಿರುವ ಜನ ಅವರು. ರಮೀಝ್ ಬರಿಗೈ ಚಾಚಿಕೊಂಡು, ತಾನೇನು ತಪ್ಪು ಮಾಡಿದೆ ಎಂದು ಅವಳ ಮುಖ ನೋಡುತ್ತಿದ್ದ. ಅವಳು ತಟ್ಟೆಯನ್ನು ಎದೆಗೆ ಹಿಡಿದುಕೊಂಡು ಗಂಡನ ಮುಂದೆ ನಿಂತಳು. ಸಾರು ಅವಳ ನೈಟಿಯ ಮೇಲೆ ಇಳಿಯುತ್ತಿತ್ತು.

"ಕೊಯ್ಯುವಾಗ ಅದಕ್ಕೆ ಜೀವ ಇತ್ತಾ?"

ಹರ್ಬರ್ಟ್ ಅಡ್ಡ ಬಾಯಿ ಹಾಕಿ, ಕಾಲು ಆಡಿಸಿದ ಹಾಗೆ ಕಂಡಿತು ಅಕ್ಕ ಎಂದ. ನಿನ್ನನ್ನು ಕೇಳಿದ್ದಲ್ಲ ಎಂದಳು ವಾರಿಜಾ, ಅವನತ್ತ ತಿರುಗದೆ.

ಸೇಸಪ್ಪ ಅನ್ನದಿಂದ ಕೈ ತೆಗೆದ. ಆಮೇಲೆ ಹೇಳಿದ. ಕತ್ತಲೆ ಕವಿಯುವ ಹೊತ್ತು, ಮಂದೆಯಿಂದ ತಪ್ಪಿಸಿಕೊಂಡ ಕುರಿ ರಸ್ತೆಗೆ ಹಾರಿತು, ಗಾಡಿಯ ಮೂತಿಗೇ ಬಡಿಯಿತು. ಅಷ್ಟು ದೊಡ್ಡ ಕುರಿಯನ್ನು ದಾರಿಯಲ್ಲಿ ಬಿಟ್ಟುಬರಲು ಮನಸ್ಸಾಗಲಿಲ್ಲ. ಪಿಕಪ್ಪಿಗೆ ಹಾಕಿಕೊಂಡು ಸ್ವಲ್ಪ ಮುಂದೆ ಹೋಗಿ ಮರಳಿನ ಮೇಲೆ ಇಳಿಸಿದರು. ಅಷ್ಟರಲ್ಲಿ ಅದು ಅಲುಗುತ್ತಿರಲಿಲ್ಲ. ಆದರೂ ತಾವು ರಮೀಝ್‌ನನ್ನು ಮರೆತಿರಲಿಲ್ಲ ಎಂದು ಹೇಳುವಾಗ ಅವನ ಧ್ವನಿಯಲ್ಲಿ ಒಂದು ತೆರನ ಹೆಮ್ಮೆಯೇ ಇತ್ತು. ಹರ್ಬರ್ಟ್‌ನ ಮೊಬೈಲಿನಲ್ಲಿ ಮೆಕ್ಕಾದ ಕಡೆಯ ಕಿಬ್ಲಾ ಯಾವ ದಿಕ್ಕು ಎಂದು ನೋಡಿ ಕುರಿಯ ತಲೆ ಆ ಕಡೆಗೆ ತಿರುಗಿಸಿದ್ದರು. ಅಲ್ಲಾಹನ ಹೆಸರಿನ ಬಿಸ್ಮಿ ಹೇಳಿದ್ದರು. ಇಷ್ಟು ವರ್ಷ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಕತ್ತಿ ಹಿಡಿದದ್ದು ಹರ್ಬರ್ಟ್, ಏಕೆಂದರೆ ಕ್ರಿಸ್ತಾನರು ಕೊಯ್ದದ್ದು ಅವರಿಗೆ ನಡೆಯುತ್ತದೆ ಎಂದು ಅವನು ಎಲ್ಲೋ ಕೇಳಿದ್ದ. ಎಲ್ಲ ಸರಿಯಾಗಿ ಮಾಡಿದ್ದರು, ಸತ್ತ ಕುರಿಗೆ.

ಯಾರಿಗೋ ನಗು ಬಂತು, ನುಂಗಿಕೊಂಡರು. ವಾರಿಜಾಳಿಗೆ ನಗು ಬರಲಿಲ್ಲ. ಅವಳಿಗೆ ಅಲ್ಲೇ ಗಂಡನ ತಲೆಯ ಮೇಲೆ ಆ ತಟ್ಟೆ ಕವುಚಬೇಕು ಎನ್ನಿಸಿತು. ಅವಳು ಬಾಯಿಬಿಟ್ಟಳು, ಮತ್ತೆ ಮುಚ್ಚಲಿಲ್ಲ. ಪಾತುವಿಗೆ ತಾನು ಕೊಟ್ಟ ಮಾತು, ಈ ಅಡುಗೆಮನೆಯ ಹೆಸರು, ಇಷ್ಟು ಜನ ಕಣ್ಣುಮುಚ್ಚಿ ತಿನ್ನುವ ಅನ್ನ, ಎಲ್ಲವನ್ನೂ ಒಂದು ಕುರಿಯ ಆಸೆಗೆ ಮಣ್ಣು ಮಾಡಿದಿರಿ ಎಂದಳು. ಅಷ್ಟಕ್ಕೂ ತೃಪ್ತಿಯಾಗದೆ ಒಳಗೆ ಹೋಗಿ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ಬಾಗಿಲು ದಾಟಿ, ಮೆಟ್ಟಿಲಿಳಿದು ಕೆಳಗಿನ ಕಸದ ಡ್ರಮ್ಮಿಗೆ ಸುರಿದು ಬಂದಳು. ಅನ್ನ ಬಿಸಾಡಿದವರಿಗೆ ಶಾಪ ಹಾಕುವ ಹೆಂಗಸು. ಕಟ್ಟಡದ ಕಾವಲುಗಾರ ಬಾಯಿ ತೆರೆದು ನೋಡುತ್ತ ನಿಂತ.

ಅವಳು ವಾಪಸು ಬಂದಾಗ ಸೇಸಪ್ಪ ಕೈತೊಳೆದು ನಿಂತಿದ್ದ. ಹದಿನೈದು ಜನರ ಮುಂದೆ ನನ್ನ ಮರ್ಯಾದೆ ತೆಗೆದೆ ಎಂದು ಅವನೂ ರೇಗಿದ. ತಿನ್ನದ ಮೇಲೆ ಆಯಿತಲ್ಲ, ಇನ್ನೇನು, ರಮೀಝ್ ಒಂದು ಕಾಳೂ ಬಾಯಿಗೆ ಹಾಕಿಲ್ಲ ಎಂದ. ಆಗ ರಮೀಝ್ ಎದ್ದ. ಅವನಿಗೆ ಕೋಪ ಬಂದದ್ದನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ.

"ಕುರಿ ಕಾಯುವವ ಎಲ್ಲಿದ್ದ ಸೇಸಪ್ಪಣ್ಣ?"

ಸೇಸಪ್ಪ ಹರ್ಬರ್ಟ್‌ನ ಕಡೆ ನೋಡಿದ. ಹರ್ಬರ್ಟ್ ನೆಲ ನೋಡಿದ. ಕೊನೆಗೆ ಅದೂ ಹೊರಬಿತ್ತು. ಒಬ್ಬ ದೂರದಿಂದ ಕೈಬೀಸುತ್ತ, ಕೂಗುತ್ತ ಓಡಿ ಬರುತ್ತಿದ್ದ. ನಿಂತರೆ ಪೊಲೀಸು, ಕೇಸು, ಕಫೀಲ್‌ನ ಗಾಡಿ, ಇಲ್ಲಿರಲು ಕೊಟ್ಟ ಇಕಾಮಾಕ್ಕೆ ಸಂಚಕಾರ ಎಂದು ಹೆದರಿದರು. ಅವನು ಹತ್ತಿರ ಬರುವುದರೊಳಗೆ ಕುರಿಯನ್ನು ಎತ್ತಿ ಹಾಕಿಕೊಂಡು ಹೊರಟುಬಿಟ್ಟರು.

ರಮೀಝ್ ನಿಧಾನವಾಗಿಯೇ ಹೇಳಿದ. ಸತ್ತದ್ದನ್ನು ತಿಳಿಯದೆ ತಿಂದಿದ್ದರೆ ಅದು ತನಗೂ ತನ್ನನ್ನು ಸೃಷ್ಟಿಸಿದವನಿಗೂ ಬಿಟ್ಟದ್ದು, ಅವನು ಕ್ಷಮಿಸುತ್ತಾನೆ. ಆದರೆ ತಾನು ಈ ದೇಶಕ್ಕೆ ಬಂದದ್ದು ಆಫೀಸು ವೀಸಾ ಎಂದು ನಂಬಿ, ಇಳಿದದ್ದು ಒಂದು ಜಾಖೂರ್‌ನಲ್ಲಿ, ಮರಳುಗಾಡಿನ ಕುರಿದೊಡ್ಡಿಯಲ್ಲಿ. ಎರಡು ಚಳಿಗಾಲ ಕುರಿ ಕಾಯ್ದಿದ್ದಾನೆ. ಊರಿಗೆ ಇದುವರೆಗೆ ಹೇಳಿಲ್ಲ, ಉಮ್ಮನಿಗೂ ಗೊತ್ತಿಲ್ಲ. ಮಂದೆಯಲ್ಲಿ ಒಂದು ಕುರಿ ಕಡಿಮೆಯಾದರೆ ಆ ಸಂಜೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿದೆ.

ವಾರಿಜಾ ಗೋಡೆಗೆ ಒರಗಿದಳು. ನಾಚಿಕೆಯಾಯಿತು ಅವಳಿಗೆ. ಇಷ್ಟು ಹೊತ್ತು ಕಿರುಚಿದ್ದೆಲ್ಲ ತನ್ನ ಮಾತು, ತನ್ನ ಮೆಸ್ಸು, ತನ್ನ ಹೆಸರು. ಕುರಿಗೆ ಒಬ್ಬ ಕಾಯುವವ ಇದ್ದಾನು ಎಂಬುದು ಅವಳ ತಲೆಗೇ ಬಂದಿರಲಿಲ್ಲ. ನಾಚಿಕೆ ಅವಳಲ್ಲಿ ಹೆಚ್ಚು ಹೊತ್ತು ನಿಲ್ಲುವ ವಸ್ತುವಲ್ಲ, ಮರುಗಳಿಗೆಯೇ ಮೊದಲಿಗಿಂತ ದೊಡ್ಡ ಸಿಟ್ಟಾಯಿತು. ಉಳಿದವರಿಗೆಲ್ಲ ಮನೆಗೆ ಹೋಗಿ ಎಂದಳು. ಸೀರೆ ಉಟ್ಟು ಸ್ವೆಟರ್ ಹಾಕಿಕೊಂಡು ಬಂದು ಗಂಡನ ಮುಂದೆ ಪಿಕಪ್ಪಿನ ಕೀ ಹಿಡಿದಳು.

"ಯಲ್ಲಾ, ನಡೀರಿ. ಎಲ್ಲಿ ಹೊಡೆದದ್ದೋ ಅಲ್ಲಿಗೆ."

ಮಂಗಫ್‌ನಿಂದ ಅದು ಒಂದೂವರೆ ಗಂಟೆಯ ದಾರಿ. ಹರ್ಬರ್ಟ್ ಹೊಟ್ಟೆನೋವು ಎಂದು ಉಳಿದುಕೊಂಡ. ರಮೀಝ್ ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಸೇಸಪ್ಪ ಒಂದಲ್ಲ ಒಂದು ಕಾರಣ ಹೇಳಿ ಗಾಡಿ ತಿರುಗಿಸಲು ನೋಡಿದ. ಪೊಲೀಸರಿಗೆ ಕೊಟ್ಟರೆ ಎಂದ. ಕಫೀಲ್‌ಗೆ ಗೊತ್ತಾದರೆ ಎಂದ. ನಾಳೆ ನಾವಿಬ್ಬರೂ ಊರಿನ ವಿಮಾನದಲ್ಲಿ ಕೂತಿರುತ್ತೇವೆ ಎಂದ. ಕೂತರೆ ಕೂತೆವು ಎಂದಳು ಅವಳು, ಅಷ್ಟೇ.

ರಸ್ತೆಯಿಂದ ಒಳಗೆ, ತಗಡಿನ ಬೇಲಿಯ ದೊಡ್ಡಿ ಸಿಕ್ಕಿತು. ಹೊರಗೆ ಚಾಪೆಯ ಮೇಲೆ ಯಜಮಾನ ಕೂತಿದ್ದ, ಬಿಳಿಗಡ್ಡದ ಮುದುಕ, ಮುಂದೆ ಬೆಂಕಿ, ಬೆಂಕಿಯ ಮೇಲೆ ಚಹಾದ ಕೆಟಲು. ಬೇಲಿಯ ಬಳಿ ನೀರಿನ ತೊಟ್ಟಿ ತುಂಬಿಸುತ್ತಿದ್ದವನು ಪಿಕಪ್ಪನ್ನು ನೋಡಿದವನೇ ಕೊಳವೆ ಕೈಬಿಟ್ಟು ನಿಂತ. ಯೂಸುಫ್ ಎಂದು ಹೆಸರು, ಬಾಂಗ್ಲಾದವನು. ಕೆಳತುಟಿ ಊದಿ ಸೀಳಿತ್ತು. ಒಂದು ಕಣ್ಣು ಸರಿಯಾಗಿ ತೆರೆಯುತ್ತಿರಲಿಲ್ಲ.

ಸೇಸಪ್ಪ ಮುದುಕನ ಮುಂದೆ ನಿಂತು, ಗೊತ್ತಿದ್ದ ಅರಬಿಯಲ್ಲಿ, ರಮೀಝ್ ಎತ್ತಿಕೊಟ್ಟ ಮಾತುಗಳ ಸಹಾಯದಿಂದ ತಪ್ಪೊಪ್ಪಿಕೊಂಡ. ಮುದುಕ ಕೇಳಿದ್ದು ಒಂದೇ: ಗಾಡಿ ಯಾರದ್ದು? ಸೇಸಪ್ಪ ಕಫೀಲ್‌ನ ಹೆಸರು ಹೇಳಿದ. ಮುದುಕನ ಮುಖ ಅರಳಿತು. ಆ ಮನೆತನ ಗೊತ್ತಂತೆ, ಅವರ ತಂದೆಯ ಜೊತೆ ತಾನು ಬೇಟೆಗೆ ಹೋಗುತ್ತಿದ್ದೆನಂತೆ. ಒಂದು ಕುರಿ ಏನು ದೊಡ್ಡದು, ಬಂದು ಹೇಳಿದಿಯಲ್ಲ, ನೀನು ಒಳ್ಳೆಯ ಮನುಷ್ಯ, ಖಲಾಸ್ ಎಂದ. ಕೂರಿಸಿದ. ತಾನೇ ಕೈಯಾರೆ ಮೂರು ಲೋಟಗಳಿಗೆ ಚಹಾ ಬಗ್ಗಿಸಿದ. ಸೇಸಪ್ಪನ ಹೆಗಲು ಇಳಿಯಿತು, ಕಣ್ಣಲ್ಲಿ ನೀರೂ ಬಂತು. ಹೆಂಡತಿಯ ಕಡೆ ತಿರುಗಿ, ನೋಡಿದೆಯಾ, ಎಷ್ಟು ದೊಡ್ಡ ಮನಸ್ಸು ಎಂದ.

ವಾರಿಜಾ ಕೂತಿರಲಿಲ್ಲ. ಲೋಟ ಹಿಡಿದುಕೊಂಡು ಬೇಲಿಯ ಬಳಿಗೆ ಹೋಗಿದ್ದಳು. ತನ್ನ ಅರೆಬರೆ ಹಿಂದಿಯಲ್ಲಿ ಯೂಸುಫ್‌ನನ್ನು ಕೇಳಿದಳು, ಗಾಡಿ ಹೊಡೆಯಿತು ಎಂದು ನೀನು ನಿನ್ನೆಯೇ ಹೇಳಲಿಲ್ಲವಾ? ಹೇಳಿದೆ ಎಂದ ಅವನು. ಊದಿದ ತುಟಿಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಯಜಮಾನ ಬಾಬಾ ನಂಬಲಿಲ್ಲ ದೀದಿ. ರಸ್ತೆಯಲ್ಲಿ ಕುರಿ ಬಿದ್ದಿರಲಿಲ್ಲವಲ್ಲ. ಗಾಡಿ ಹೊಡೆದರೆ ಹೆಣ ಎಲ್ಲಿ ಅಂದರು. ಸತ್ತ ಕುರಿಯನ್ನು ಯಾರು ಹೊತ್ತುಕೊಂಡು ಹೋಗ್ತಾರೆ, ಅದನ್ನು ಯಾರು ತಿಂತಾರೆ ಅಂದರು. ನೀನೇ ಮಾರಿಕೊಂಡೆ ಅಂದರು."

ಅಷ್ಟೇ ಇದ್ದದ್ದು. ಹೊಡೆದು ಅಲ್ಲೇ ಬಿಟ್ಟು ಓಡಿಹೋಗಿದ್ದರೂ ಇವನ ಮುಖ ಉಳಿಯುತ್ತಿತ್ತು. ಬಿಟ್ಟುಬರಲು ಮನಸ್ಸಾಗದೆ ಹೊತ್ತು ತಂದ ಆ ಎರಡು ಚೀಲವೇ ಇವನ ತುಟಿ ಸೀಳಿದ್ದು. ಅದನ್ನು ತಾನು ಕಾಯಿ ಹುರಿದು, ಮಸಾಲೆ ಅರೆದು, ರುಚಿ ನೋಡಿ ಬಡಿಸಿದ್ದು. ವಾರಿಜಾ ಲೋಟವನ್ನು ಯೂಸುಫ್‌ನ ಕೈಗೆ ಕೊಟ್ಟಳು. ಅವನು ಯಜಮಾನನ ಕಡೆ ನೋಡಿ ತೆಗೆದುಕೊಳ್ಳಲಿಲ್ಲ. ಅವಳು ಅಲ್ಲಿಂದಲೇ ಗಂಡನಿಗೆ ಕೇಳುವಂತೆ ಹೇಳಿದಳು.

"ನಿಮ್ಮ ದೊಡ್ಡ ಮನಸ್ಸಿನವರಿಗೆ ಹೇಳಿ, ಕೊಂದವನಿಗೆ ಚಹಾ ಕೊಟ್ಟರಲ್ಲ, ಕಾಯ್ದವನಿಗೆ ಹೊಡೆದದ್ದಕ್ಕೆ ಏನು ಕೊಡ್ತಾರಂತೆ ಅಂತ."

ಹೆಂಗಸು ಏನು ಹೇಳುತ್ತಿದ್ದಾಳೆ ಎಂದು ಮುದುಕ ನಗುತ್ತ ವಿಚಾರಿಸಿದ. ಸೇಸಪ್ಪ ರಮೀಝ್‌ನ ಮುಖ ನೋಡಿದ. ರಮೀಝ್ ಬಾಯಿ ತೆರೆಯುವ ಮೊದಲೇ ಸೇಸಪ್ಪ, ಚಹಾ ಚೆನ್ನಾಗಿದೆ ಅನ್ನುತ್ತಿದ್ದಾಳೆ ಎಂದು ಹೇಳಿಬಿಟ್ಟ. ಮುದುಕ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ.

ವಾಪಸು ಬರುವಾಗ ಕತ್ತಲೆಯಾಗಿತ್ತು. ವಾರಿಜಾಳಿಗೆ ಅಷ್ಟರಮಟ್ಟಿಗಿನ ಅರಬಿ ಬರುತ್ತದೆ ಎಂಬುದು ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ ಹೊಳೆದದ್ದು ಮನೆಯ ಬಾಗಿಲಲ್ಲಿ, ಅವಳು ಚಪ್ಪಲಿ ಬಿಡುತ್ತ, "ಚಹಾದಲ್ಲಿ ಸಕ್ಕರೆ ಹೆಚ್ಚಾಗಿತ್ತು, ಅದನ್ನೂ ಹೇಳಬೇಕಿತ್ತು" ಎಂದಾಗ. ಆ ರಾತ್ರಿಯೇ ಅವಳು ಪಾತುವಿಗೆ ಫೋನು ಮಾಡಿ ಆದದ್ದನ್ನೆಲ್ಲ ಹೇಳಿದಳು, ಜಾಖೂರ್‌ನ ಮಾತೊಂದನ್ನು ಬಿಟ್ಟು.

ರಮೀಝ್ ಊಟಕ್ಕೆ ಬರುವುದನ್ನು ಬಿಡಲಿಲ್ಲ. ಮುಂದಿನ ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು, ಅವಳು ಹೇಳದಿದ್ದರೂ ತಾನೇ ನೀರುಳ್ಳಿ ಹೆಚ್ಚಿದ. ಆದರೆ ಆ ಶುಕ್ರವಾರ ಎಲ್ಲರಿಗೂ ಬಡಿಸುವ ಮೊದಲು ವಾರಿಜಾ ಒಂದು ಡಬ್ಬಿ ತುಂಬಿಸಿದಳು, ಕೆಳಗೆ ಅನ್ನ, ಮೇಲೆ ಕುರಿ ಪದಾರ್ಥ, ಫಾಹಾಹೀಲ್ ಅಂಗಡಿಯದು. ಅದನ್ನು ಸೇಸಪ್ಪನ ಮುಂದಿಟ್ಟು, ಸಾಲ್ಮಿ ರಸ್ತೆಯ ಯೂಸುಫ್‌ಗೆ ಕೊಟ್ಟು ಬನ್ನಿ, ನಿಮ್ಮ ಊಟ ನೀವು ವಾಪಸು ಬಂದ ಮೇಲೆ ಎಂದಳು. ರಜೆಯ ದಿನ ಹೋಗಿ ಬರಲು ಮೂರು ಗಂಟೆ, ಗಾಡಿ ಕಫೀಲ್‌ನದ್ದು ಎಂದು ಅವನು ಗೊಣಗಿದ. ಕುರಿ ಹೊತ್ತು ತರುವಾಗ ಗಾಡಿ ಯಾರದ್ದಾಗಿತ್ತು ಎಂದು ಅವಳು ಕೇಳಿದಳು.

ಅಂದು ಅವನು ಮುಖ ಸಪ್ಪೆ ಮಾಡಿಕೊಂಡು ಬಂದ. ಯೂಸುಫ್ ಡಬ್ಬಿಯ ಮುಚ್ಚಳವನ್ನೇ ತೆರೆಯಲಿಲ್ಲವಂತೆ. ಎಲ್ಲಿಂದ ಬಂತು, ಯಾರು ಕೊಯ್ದದ್ದು ಎಂದು ಕೇಳಿದನಂತೆ. ಹೇಳಿದರೂ ಸಾಲದೆ, ರಮೀಝ್‌ಗೆ ಫೋನು ಹಚ್ಚಿಸಿ ಅವನ ಬಾಯಿಂದ ಕೇಳಿಸಿಕೊಂಡ ಮೇಲೇ ಕೈ ಹಾಕಿದನಂತೆ. ಇಷ್ಟು ವರ್ಷ ಈ ದೇಶದಲ್ಲಿ ಮರ್ಯಾದೆಯಿಂದ ಇದ್ದವನು ನಾನು, ಒಬ್ಬ ಕುರಿ ಕಾಯುವವ ನನ್ನ ಮಾತು ನಂಬುವುದಿಲ್ಲ ಎಂದರೆ ಏನರ್ಥ ಎಂದು ಸೇಸಪ್ಪ ನೊಂದುಕೊಂಡ.

ವಾರಿಜಾ ಅವನ ತಟ್ಟೆಗೆ ಅನ್ನ ಹಾಕಿದಳು.

"ಮುಂದಿನ ಶುಕ್ರವಾರವೂ ಹೋಗಿ. ಅವ ಕೇಳುದನ್ನು ನಿಲ್ಲಿಸುವ ತನಕ ಹೋಗಿ."

ಈಗ ಚಳಿ ಮುಗಿದು ಧೂಳುಗಾಳಿ ಶುರುವಾಗಿದೆ. ಸೇಸಪ್ಪ ಪ್ರತಿ ಶುಕ್ರವಾರ ಡಬ್ಬಿ ಹಿಡಿದು ಹೋಗುತ್ತಾನೆ. ಯೂಸುಫ್ ಇನ್ನೂ ಕೇಳುತ್ತಿದ್ದಾನೆ.